ಶ್ರೀತಾಳೆಗೆ ಬೆನ್ನು ಹಾಕಿದವರು

"ರಾಣಿಬಾಗಿನ ಶ್ರೀತಾಳೆ ಮರದ ತುದಿಗೆ ಹತ್ತಿದವನು ಇಡೀ ಬೊಂಬಾಯಿಯಲ್ಲಿ ನಾನೊಬ್ಬನೇ. ಅದೂ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು. ಒಂದು ಹನಿ ಚೆಲ್ಲಲಿಲ್ಲ."

ಇಷ್ಟು ಹೇಳಿ ನಾನು ಸೌಟನ್ನು ಪಾಯಸದ ಪಾತ್ರೆಯೊಳಗೆ ಇಳಿಬಿಟ್ಟೆ. ಬಡಿಸುವ ಕೈ ನಿಂತರೆ ಉಣ್ಣುವವರ ಮುಖ ತಾನಾಗಿ ಮೇಲೇಳುತ್ತದೆ. ಬಾಂದ್ರಾದಿಂದ ಬಂದಿದ್ದ ಶೀಲಾವತಿಯಕ್ಕ ಎಲೆಯಿಂದ ತಲೆಯೆತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ಅವರು ನಮ್ಮ ಧಣಿ ಕೊರಗ ಶೆಟ್ಟರಿಗೆ ದೂರದ ಸಂಬಂಧದಲ್ಲಿ ಅಕ್ಕನಾಗಬೇಕು. ಅವತ್ತು ಹೋಟೆಲಿಗೆ ರಜೆ. ಧಣಿಯ ತೀರಿಹೋದ ಒಡಹುಟ್ಟಿದ ಅಕ್ಕನ ಮಗಳು ವಿನೋದಿನಿ, ಅವಳ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ. ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ನೆಲದ ಮೇಲೆ ಎಲೆ ಹಾಕಿ, ಬೈಕುಲ್ಲಾದಿಂದ ಭಾಂಡುಪ್‌ವರೆಗಿನ ನೆಂಟರನ್ನೆಲ್ಲ ಕೂರಿಸಿದ್ದೆವು.

"ತುದಿಯಿಂದ ಎಂತ ಕಂಡಿತು?" ಎಂದರು ಶೀಲಾವತಿಯಕ್ಕ.

"ಈಚೆ ನೋಡಿದರೆ ಬಾಂದ್ರಾದಲ್ಲಿ ನಿಮ್ಮ ಮಹಡಿಯ ಮೇಲೆ ಒಣಹಾಕಿದ ಹಪ್ಪಳ. ಅದರಲ್ಲಿ ಎರಡನ್ನು ಕಾಗೆ ತಿಂದಿತ್ತು. ಆಚೆ ನೋಡಿದರೆ ಭಾಂಡುಪ್ ಫ್ಯಾಕ್ಟರಿಯ ಕಿಟಕಿಯಲ್ಲಿ ನಮ್ಮ ಸದಾನಂದ ಫೈಲಿನ ಮೇಲೆ ತಲೆಯಿಟ್ಟು ನಿದ್ದೆ. ಸಮುದ್ರದ ಕಡೆ ಮಂಗಳೂರಿನ ಸ್ಟೀಮರು, ವಿನೋದಿನಿಯನ್ನು ಬಿಟ್ಟು ಬರಿದೇ ಹೋಗ್ತಾ ಉಂಟು."

ಮಗುವಿನ ಅಪ್ಪ ಸದಾನಂದ ಮೂಲೆಯಲ್ಲಿ ಕೂತು ನಕ್ಕ. ಶೀಲಾವತಿಯಕ್ಕ ನಗಲಿಲ್ಲ. "ಅದೇ ನಾನು ಕೇಳುವುದು. ಟಿಕೇಟು ತೆಗೆದಾಗಿತ್ತು. ಟ್ರಂಕು ಕಟ್ಟಿಯಾಗಿತ್ತು. ಕೊರಗ ಒಮ್ಮೆ ಹಿಡಿದದ್ದನ್ನು ಬಿಡುವ ಜನ ಅಲ್ಲ. ಹುಡುಗಿಯನ್ನು ಊರಿಗೆ ಕಳಿಸದೆ ಇಲ್ಲೇ ಇರಿಸಲಿಕ್ಕೆ ಅವನನ್ನು ಒಪ್ಪಿಸಿದ್ದು ಯಾರು?"

"ಅದನ್ನೇ ಹೇಳ್ತಾ ಇರುವುದಲ್ಲವಾ" ಎಂದು ನಾನು ಮತ್ತೆ ಸೌಟು ಎತ್ತಿಕೊಂಡೆ.

ಪಂಕ್ತಿಗೆ ಹೇಳಿದ್ದು ಬೇರೆ. ಇಲ್ಲಿ ಮೊದಲಿನಿಂದ ಹೇಳುತ್ತೇನೆ.

ನಮ್ಮ ಉದಯ ಭವನ ಇರುವುದು ಬೈಕುಲ್ಲಾದ ಪ್ರಾಣಿಸಂಗ್ರಹದ ತೋಟ ರಾಣಿಬಾಗಿನ ಗೇಟಿಗೆ ನೇರ ಎದುರು. ನಡುವೆ ಟ್ರಾಮಿನ ರಸ್ತೆ ಮಾತ್ರ. ನಾನು ಗಲ್ಲಾದಲ್ಲಿ ಕೂರುವವನು, ಹೆಸರು ಶೇಖರ. ಬೆಳಿಗ್ಗೆ ನಮ್ಮಲ್ಲಿ ಸಾಂಬಾರಿಗೆ ಒಗ್ಗರಣೆ ಬಿದ್ದರೆ ತೋಟದೊಳಗಿನ ಸಿಂಹ ಎದ್ದು ಕೂತು ಮೀಸೆ ನೆಕ್ಕಿಕೊಳ್ಳುತ್ತಿತ್ತು. ಅಲ್ಲಿಯ ಮಾಲಿಗಳು ಹೇಳಿದ ಮಾತು ಇದು. ಹೇಳದಿದ್ದರೂ ಅವರಿಗೆ ಗೊತ್ತಿತ್ತು. ಜನ ಪ್ರಾಣಿ ನೋಡಲೆಂದು ಬರುತ್ತಿದ್ದರು, ಮರಗಳನ್ನು ಸುಮ್ಮನೆ ದಾಟಿ ಹೋಗುತ್ತಿದ್ದರು. ಆದರೆ ಆ ತೋಟದ ನಿಜವಾದ ಸಂಪತ್ತು ಮರಗಳೇ. ದೇಶದೇಶಗಳಿಂದ ತಂದು ನೆಟ್ಟವು, ಪ್ರತಿಯೊಂದರ ಕಾಂಡಕ್ಕೂ ತಗಡಿನ ಹೆಸರುಫಲಕ. ಕಾಂಡದ ತುಂಬ ಹೂವನ್ನೇ ಹೊದ್ದ ನಾಗಲಿಂಗ, ಆನೆಯ ಹೊಟ್ಟೆಯಂಥ ಬೊಡ್ಡೆಯ ಆಫ್ರಿಕದ ಮರ. ಇವೆಲ್ಲದರ ತಲೆಯ ಮೇಲೆ, ಗೇಟಿನಿಂದ ಸ್ವಲ್ಪ ಒಳಗೆ, ಒಂದು ಶ್ರೀತಾಳೆ. ನಮ್ಮ ಕಡೆ ಅದಕ್ಕೆ ಪನೋಲಿ ಎನ್ನುತ್ತಾರೆ. ಒಂದೊಂದು ಎಲೆಯ ಕೆಳಗೆ ಒಂದು ಮದುವೆ ಮಾಡಬಹುದು. ಇದು ಹೆಚ್ಚಾಯಿತು ಎನ್ನುವುದಾದರೆ ಒಂದು ನಿಶ್ಚಿತಾರ್ಥ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅದರ ನೆತ್ತಿ ಒಡೆದು ಹೂ ಬಂತು. ಮೊದಲು ಒಂದು ದಪ್ಪ ಮೊಗ್ಗು, ಆಮೇಲೆ ಅದು ಕವಲೊಡೆದು, ದೊಡ್ಡ ಹಂಡೆಯಲ್ಲಿ ಅನ್ನ ಉಕ್ಕಿ ಸುತ್ತಲೂ ಸುರಿದ ಹಾಗೆ, ಕೆನೆಬಣ್ಣದ ರಾಶಿ. ಟ್ರಾಮಿನಲ್ಲಿ ಹೋಗುವವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದರು. ಗುಜರಾತಿಗಳು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು.

ನಮ್ಮವರು ಮಾತ್ರ ನೋಡಲಿಲ್ಲ. ಪನೋಲಿ ಬದುಕಿನಲ್ಲಿ ಒಂದೇ ಸಲ ಹೂ ಬಿಡುವುದು, ಬಿಟ್ಟ ಮೇಲೆ ಸಾಯುವುದು. ಸಾಯುವಾಗ, ಹೂವನ್ನು ನೋಡಿದವರ ಮನೆಯಿಂದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತದೆ ಎನ್ನುವುದು ಊರಿನ ನಂಬಿಕೆ. ಅದಕ್ಕೇ ನಮ್ಮ ಕಡೆ ಮೊಗ್ಗು ಕಂಡ ಕೂಡಲೇ ಕೊಡಲಿ ಹುಡುಕುತ್ತಾರೆ. ಇಲ್ಲಿ ಕೊಡಲಿ ಎತ್ತುವವರಾರು? ಉಡುಪಿ, ಕಾರ್ಕಳ, ಮೂಡಬಿದ್ರೆಯ ಗಿರಾಕಿಗಳು ಬಾಗಿಲಿಗೆ ಬೆನ್ನು ಹಾಕಿ ಕೂರಲು ಶುರು ಮಾಡಿದರು. ಬಾಗಿಲಿಗೆ ಮುಖ ಮಾಡಿದ ಕುರ್ಚಿಗಳು ಖಾಲಿ, ಬೆನ್ನು ಮಾಡಿದ ಕುರ್ಚಿಗಳಿಗೆ ಜಗಳ. ಸಪ್ಲೈ ಮಾಡುವವರು ಒಳಗಿನಿಂದ ತಟ್ಟೆ ತಂದು, ಏಡಿಯಂತೆ ಅಡ್ಡಡ್ಡ ನಡೆದು ಇಡುತ್ತಿದ್ದರು. ಒಬ್ಬ ಮರಾಠಿ ಮಾಸ್ತರರು ನನ್ನನ್ನು ಕೇಳಿಯೇ ಬಿಟ್ಟರು, "ಕಾಯ್ ಶೇಖರ್, ಬಾಹೇರ್ ಪೊಲೀಸ್ ಆಲಾ ಕಾ?" ಪೊಲೀಸಿನವನಾದರೆ ಒಂದು ಚಹಾ ಕೊಟ್ಟು ಕಳಿಸಬಹುದಿತ್ತು.

ಧಣಿ ಗಲ್ಲಾವನ್ನೇ ತಿರುಗಿಸಿ ಅಡುಗೆಮನೆಗೆ ಮುಖ ಮಾಡಿಟ್ಟರು. ನಾನು ದಿನವಿಡೀ ಭಟ್ಟರ ಬೆನ್ನು ನೋಡುತ್ತ ಕೂತೆ. ಹೋಟೆಲಿನ ಮಟ್ಟಿಗೆ ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಮೇಲಿನ ಕೋಣೆಯಲ್ಲಿ ವಿನೋದಿನಿ ಇದ್ದಳು.

ಬಯಕೆಯ ಊಟ ಮುಗಿಸಿ, ಚೊಚ್ಚಲ ಹೆರಿಗೆಗೆಂದು ಧಣಿಯೇ ಭಾಂಡುಪ್‌ನಿಂದ ಕರೆತಂದಿದ್ದರು. ತಾಯಿ ಇಲ್ಲದ ಹುಡುಗಿ. ಅವಳನ್ನು ಹೆತ್ತು ತಿಂಗಳೊಳಗೆ ತಾಯಿ ಹೋದದ್ದು. ಸಾಕಿ, ಓದಿಸಿ, ಮದುವೆ ಮಾಡಿದ್ದು ಈ ಮಾಮ. ಅವಳ ಮಂಚದಿಂದ ಕಿಟಕಿ, ಕಿಟಕಿಯಿಂದ ನೇರ ಆ ಹೂವು. ಧಣಿ ಒಂದು ಬೆಳಿಗ್ಗೆ ಅಕ್ಕಿಯ ಗೋಣಿಯನ್ನು ಬಿಚ್ಚಿ, ಕಿಟಕಿಗೆ ಅಡ್ಡ ಮೊಳೆ ಹೊಡೆದರು. ಬೊಂಬಾಯಿಯಲ್ಲಿ ಬರುವ ಒಂದಿಷ್ಟು ಒಳ್ಳೆಯ ಗಾಳಿ ಆ ತಿಂಗಳಲ್ಲೇ ಬರುವುದು. ಅದೂ ನಿಂತಿತು. ಮರುದಿನ ಮಂಗಳೂರಿನ ಸ್ಟೀಮರಿಗೆ ಟಿಕೇಟು ಹೇಳಿಸಿದರು.

ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ವಿನೋದಿನಿ ಗೋಡೆ ಹಿಡಿದು ಮೆಟ್ಟಿಲಿಳಿದು ಬಂದು ಗಲ್ಲಾದ ಎದುರು ಕೂತಳು.

"ಶೇಖರಣ್ಣ, ನಿಮಗೆ ಸುಳ್ಳು ಹೇಳ್ಲಿಕ್ಕೆ ಬರ್ತದಲ್ಲ?"

"ಹುಟ್ಟಿದ ಮೇಲೆ ನಾನು ಒಂದೇ ಒಂದು ಸುಳ್ಳು ಹೇಳಿದವನಲ್ಲ ತಂಗಿ."

"ಅದೊಂದು ಆಯ್ತು. ಇನ್ನೊಂದು ನನಗೋಸ್ಕರ ಹೇಳಿ." ಅವಳು ನಗುತ್ತಿರಲಿಲ್ಲ. "ಮಗು ಕೆಳಗೆ ಇಳಿದಿದೆ, ಮೆಟ್ಟಿಲು ಕೂಡ ಕಡಿಮೆ ಹತ್ತು ಅಂದಿದ್ದಾರೆ ಡಾಕ್ಟರಮ್ಮ. ಮಾಮ ಸ್ಟೀಮರು ಹತ್ತು ಅಂತಾರೆ. ಮದುವೆಯಾಗಿ ಬರುವಾಗ ಕಾರವಾರ ದಾಟುವುದರೊಳಗೆ ನಾನು ಅರ್ಧ ಸತ್ತಿದ್ದೆ. ಆಗ ಒಬ್ಬಳೇ ಇದ್ದೆ."

"ಸದಾನಂದ ಎಂತ ಹೇಳ್ತಾನೆ?"

"ಅವರು ಮಾಮನ ಎದುರು ಬಾಯಿ ತೆಗೆಯುವುದು ಊಟಕ್ಕೆ ಮಾತ್ರ."

"ನೀನೇ ಹೇಳು."

"ಹೇಳಿದೆ. ಮಾಮ ಬೈಯುವುದಿಲ್ಲ, ಕೂಗುವುದಿಲ್ಲ. ನನ್ನ ಮುಖ ನೋಡ್ತಾರೆ. ಅವರು ನೋಡುವುದು ನನ್ನನ್ನಲ್ಲ, ಅಮ್ಮನನ್ನು. ಹಾಗೆ ನೋಡಿದರೆ ನಾನೆಂತ ಮಾತಾಡಲಿ?"

ಸುಳ್ಳು ಹೇಳಲು ಯಾರಾದರೂ ನನ್ನನ್ನು ಮರ್ಯಾದೆಯಿಂದ ಕೇಳಿಕೊಂಡದ್ದು ಅದೇ ಮೊದಲು. ನಾನು ಒಪ್ಪಿದೆ.

ಮೊದಲ ಸುಳ್ಳು ಅವತ್ತು ಸಂಜೆಯೇ ಹೇಳಿದೆ. ಧಣಿ ಕಾಫಿಪುಡಿಯ ಡಬ್ಬಿ ತೆರೆದು ಮೂಸುತ್ತಿದ್ದರು. ಅವರು ಕಾಫಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು; ನೊರೆ ಲೋಟದ ಅಂಚಿಗಿಂತ ಒಂದು ಗೆರೆ ಕೆಳಗಿದ್ದರೂ ವಾಪಸು ಕಳಿಸುವವರು. "ಧಣೀ, ಅದು ಪನೋಲಿ ಅಲ್ಲವಂತೆ. ಅರಬ್ಬೀ ದೇಶದ ಖರ್ಜೂರದ ಜಾತಿಯಂತೆ. ಫಲಕದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಾರೆ."

ಧಣಿ ಡಬ್ಬಿಯ ಮುಚ್ಚಳ ಹಾಕಿದರು. "ಶೇಖರ, ಮೀಸೆ ಬರುವವರೆಗೆ ನಾನು ಮಳೆಗಾಲ ಕಳೆದದ್ದು ಆ ಎಲೆಯ ಗೊರಬಿನ ಅಡಿಯಲ್ಲಿ. ತಲೆಯಿಂದ ಸೊಂಟದವರೆಗೆ ಅದನ್ನೇ ಹೊದ್ದುಕೊಂಡು ಗದ್ದೆಯಲ್ಲಿ ಬಗ್ಗಿದವ. ನನಗೆ ಖರ್ಜೂರ ತೋರಿಸ್ತೀಯಾ?"

ಒಂದು ಸುಳ್ಳು ಬಿದ್ದರೆ ಕೂಡಲೇ ಇನ್ನೊಂದನ್ನು ಎಬ್ಬಿಸಿ ನಿಲ್ಲಿಸಬೇಕು. "ಪನೋಲಿಯೇ ಆಗಲಿ. ತೋಟದವರು ಅದನ್ನು ಕಡೀತಾರೆ ಧಣೀ. ನಾನೇ ಮಾತಾಡಿ ಒಪ್ಪಿಸಿದ್ದೇನೆ."

"ಯಾರ ಹತ್ತಿರ?"

"ನಮ್ಮ ಸತ್ಯಮೂರ್ತಿಗಳ ಹತ್ತಿರ. ಅಮಾವಾಸ್ಯೆಯೊಳಗೆ ಕೊಡಲಿ ಬೀಳ್ತದೆ."

ಧಣಿ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿದರು. ಆಮೇಲೆ, "ಅಮಾವಾಸ್ಯೆವರೆಗೆ ಕಾಯುವ. ಕಡಿಯದಿದ್ದರೆ ಮರುದಿನದ ಸ್ಟೀಮರು" ಎಂದು ಡಬ್ಬಿಯನ್ನು ಮೇಲಿಟ್ಟರು. ಅವರ ಮುಖದಲ್ಲಿ ಎಷ್ಟು ದಿನದಿಂದಲೋ ಕಾಣದ ಒಂದು ಸಡಿಲಿಕೆ ಕಂಡಿತು. ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು.

ಸತ್ಯಮೂರ್ತಿ ಮೈಸೂರಿನ ಕಡೆಯವರು. ಲಾಲ್‌ಬಾಗಿನಲ್ಲಿ ತರಬೇತಿ ಮುಗಿಸಿ ಇಲ್ಲಿ ಗಿಡಮರಗಳ ಉಸ್ತುವಾರಿಗೆ ಬಂದವರು. ದಿನಾ ನಮ್ಮಲ್ಲೇ ತಿಂಡಿ, ದಿನಾ ನಮ್ಮ ಸಾಂಬಾರಿನಲ್ಲಿ ತಪ್ಪು ಹುಡುಕುವುದು. ಮರುದಿನ ನಾನು ಅವರನ್ನು ಹುಡುಕಿಕೊಂಡು ತೋಟಕ್ಕೆ ಹೋದೆ. ಮುಂದಿನ ಗೇಟು ಬಿಟ್ಟು, ಸುತ್ತು ಬಳಸಿ, ಆನೆಯ ಕಡೆಯಿಂದ ಹೋದೆ. ಆನೆ ನನ್ನನ್ನು ಬಹಳ ದಿನದಿಂದ ಕೇಳುತ್ತಿತ್ತು. ಅವರು ಜರೀಗಿಡಗಳನ್ನು ಬೆಳೆಸುವ ನೆರಳುಮನೆಯಲ್ಲಿ ಸಿಕ್ಕಿದರು. ಅಲ್ಲಿಂದ ಶ್ರೀತಾಳೆ ಕಾಣುವುದಿಲ್ಲ. ಅದು ಕಾಕತಾಳೀಯ.

ನಾನು ವಿಷಯ ಹೇಳಿದೆ. ಅವರು ಕೈಗೆ ಮೆತ್ತಿದ್ದ ಗೊಬ್ಬರದ ಮಣ್ಣು ಒರೆಸಿಕೊಳ್ಳುವುದನ್ನೇ ಮರೆತರು.

"ಕಡಿಯೋದಾ? ಏನ್ರೀ ಶೇಖರ್, ಇಡ್ಲಿ ಹಿಟ್ಟು ಚೆನ್ನಾಗಿ ಉಕ್ಕಿ ಬಂದ ದಿನಾನೇ ತಗೊಂಡ್ಹೋಗಿ ಚರಂಡಿಗೆ ಸುರೀತೀರಾ ನೀವು?"

"ಹುಡುಗಿಯ ವಿಷಯ ಸ್ವಾಮಿ. ಸುಮ್ಮನೆ ಮೇಲಿನ ಹೂವನ್ನಾದರೂ ತೆಗೆಸಿ."

"ಅದನ್ನ ನೆಟ್ಟೋನು ಹೂವು ನೋಡ್ಲಿಲ್ಲ. ನೀರು ಹುಯ್ದೋರು ಯಾರೂ ನೋಡ್ಲಿಲ್ಲ. ನಾನು ಕೆಲಸದಲ್ಲಿರೋವಾಗ ಬಿಟ್ಟಿದೆ. ಬೀಜ ಆಗ್ಬೇಕು, ಲಾಲ್‌ಬಾಗಿಗೆ ಕಳಿಸ್ಬೇಕು, ಇಲ್ಲೇ ಮರಿ ಮಾಡ್ಬೇಕು. ಆಮೇಲೆ ಅದೇ ಒಣಗಿ ಬೀಳತ್ತೆ. ನೀವು ಯಾರೂ ಕೈ ಹಚ್ಚೋದೇ ಬೇಡ." ಆಮೇಲೆ ದನಿ ತಗ್ಗಿಸಿ, "ಆ ಹೆಣ್ಣುಮಗು ಪಾಪ. ಶೆಟ್ಟರನ್ನ ಒಂದ್ಸಲ ಕರ್ಕೊಂಡು ಬನ್ನಿ, ನಾನು ಮಾತಾಡ್ತೀನಿ. ನೀವಾದ್ರೂ ಬನ್ನಿ, ಬುಡದಲ್ಲಿ ನಿಂತು ಮೇಲೆ ನೋಡಿ, ಎದೆ ತುಂಬಿ ಬರತ್ತೆ."

"ಗಲ್ಲಾದಲ್ಲಿ ಯಾರೂ ಇಲ್ಲ" ಎಂದು ನಾನು ಆನೆಯ ದಾರಿ ಹಿಡಿದೆ.

ಅಮಾವಾಸ್ಯೆ ಬಂತು. ಅವತ್ತು ಬೆಳಿಗ್ಗೆ ಸತ್ಯಮೂರ್ತಿ ಎಂದಿನ ಮೇಜಿನಲ್ಲಿ ಕೂತಿದ್ದಾಗ, ಧಣಿ ತಮ್ಮ ಕೈಯಾರೆ ಮಸಾಲೆದೋಸೆಯ ತಟ್ಟೆ ತಂದು ಅವರ ಎದುರಿಟ್ಟರು. ಉದಯ ಭವನದ ಚರಿತ್ರೆಯಲ್ಲಿ ಧಣಿ ಗಿರಾಕಿಗೆ ತಟ್ಟೆ ಇಟ್ಟದ್ದಿಲ್ಲ. ಭಟ್ಟರು ಒಲೆಯ ಬಳಿಯಿಂದ ಇಣುಕಿದರು.

"ಇವತ್ತು ಎಷ್ಟು ಹೊತ್ತಿಗೆ ಸ್ವಾಮಿ?" ಎಂದರು ಧಣಿ.

"ಯಾವುದು ಶೆಟ್ರೇ?"

"ಕೊಡಲಿ."

"ಯಾವ ಕೊಡಲಿ?"

ನಾನು ಅಡುಗೆಮನೆಯ ಗೋಡೆಯಲ್ಲಿದ್ದ ಮಸಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ. ಧಣಿ ನನ್ನ ಹತ್ತಿರ ಬಂದು ನಿಂತದ್ದು ಬೆನ್ನಿಗೆ ಗೊತ್ತಾಯಿತು. ಬೈದಿದ್ದರೆ ಒಳ್ಳೆಯದಿತ್ತು. "ಟ್ರಂಕು ಇಳಿಸಲಿಕ್ಕೆ ಜನ ಕಳಿಸು" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು. ನಾನೂ ಹಿಂದೆ ಹೋದೆ.

ಕೋಣೆಯಲ್ಲಿ ವಿನೋದಿನಿ ಇರಲಿಲ್ಲ. ಹಿಂದಿನ ಓಣಿಗೆ ಇಳಿಯುವ ಮೆಟ್ಟಿಲಿನ ಬಾಗಿಲು ತೆರೆದಿತ್ತು. ಕಿಟಕಿಯ ಗೋಣಿ ಒಂದು ಬದಿಗೆ ಕಿತ್ತು ಜೋತಾಡುತ್ತಿತ್ತು, ಅಲ್ಲಿಂದ ಬಿಸಿಲಿನ ಒಂದು ಪಟ್ಟಿ ಮಂಚದ ಮೇಲೆ ಬಿದ್ದಿತ್ತು. ಧಣಿ ಬಗ್ಗಿ ಹೊರಗೆ ನೋಡಿದರು. ಕೆಳಗೆ ರಸ್ತೆಯ ನಡುವೆ ಒಂದು ಟ್ರಾಮು ನಿಂತಿತ್ತು. ಅದರ ಮುಂದೆ ವಿನೋದಿನಿ ಒಂದು ಕೈ ಸೊಂಟಕ್ಕೆ, ಇನ್ನೊಂದು ಕೈ ಟ್ರಾಮಿಗೆ ಅಡ್ಡ ಹಿಡಿದು, ಯಾವ ಅವಸರವೂ ಇಲ್ಲದೆ ದಾಟುತ್ತಿದ್ದಳು.

ಧಣಿ ಚಪ್ಪಲಿ ಹಾಕಿಕೊಳ್ಳಲಿಲ್ಲ. ಗೇಟಿನ ಎದುರು ಅಷ್ಟು ವರ್ಷ ಹೋಟೆಲು ನಡೆಸಿದವರು, ಆ ಗೇಟಿನೊಳಗೆ ಕಾಲಿಟ್ಟದ್ದು ಅವತ್ತೇ ಮೊದಲು. ನಮ್ಮಲ್ಲಿ ಬೆಳಿಗ್ಗೆ ಚಹಾ ಕುಡಿಯುವ ಮಾಲಿ "ಶೇಟ್, ತುಮ್ಹೀ?" ಎಂದು ಕಸಬರಿಕೆ ಹಿಡಿದೇ ಎದ್ದುನಿಂತ. ಧಣಿಗೆ ಅದು ಕೇಳಿಸಲಿಲ್ಲ.

ವಿನೋದಿನಿ ಶ್ರೀತಾಳೆಯ ಬುಡದ ಕಲ್ಲುಬೆಂಚಿನಲ್ಲಿ ಕೂತಿದ್ದಳು. ಮೇಲಿನಿಂದ ಸಣ್ಣ ಸಣ್ಣ ಹೂಗಳು ಅರಳಿನ ಕಾಳಿನಂತೆ ಒಂದೊಂದೇ ಉದುರಿ ಅವಳ ತಲೆಯ ಮೇಲೆ, ಸೆರಗಿನಲ್ಲಿ, ಹೊಟ್ಟೆಯ ಮೇಲೆ ನಿಲ್ಲುತ್ತಿದ್ದವು. ಮರದ ಕೆಳಗಿನ ಎಲೆಗಳು ಆಗಲೇ ಹಳದಿಯಾಗಿ ಕಾಂಡಕ್ಕೆ ಒರಗಿ ಜೋತುಬಿದ್ದಿದ್ದವು. ಮಾಲಿ ಕಡಿದುಹಾಕಿದ ಒಂದು ಎಲೆ ನೆಲದ ಮೇಲೆ ದೋಣಿಯ ಹಾಗೆ ಕವಚಿಕೊಂಡಿತ್ತು. ಧಣಿ ನೆರಳಿನ ಅಂಚಿನವರೆಗೆ ಹೋಗಿ ನಿಂತರು.

"ಏಳು."

"ಕೂತ್ಕೊಳ್ಳಿ ಮಾಮ."

"ಇದು ಕೂತ್ಕೊಳ್ಳುವ ಜಾಗ ಅಲ್ಲ ಮಗಾ. ಏಳು."

"ಒಂದು ಮಾತು ಕೇಳ್ತೇನೆ, ಹೇಳಿ. ಅಮ್ಮ ಹೋದ ವರ್ಷ ಮನೆಯ ಹಿಂದೆ ಪನೋಲಿ ಹೂ ಬಿಟ್ಟಿತ್ತು ಅಂತ ಎಲ್ಲರೂ ಹೇಳ್ತಾರೆ. ಆಮೇಲೆ ಆ ಮರ ಎಂತಾಯ್ತು ಅಂತ ಯಾರೂ ಹೇಳುವುದಿಲ್ಲ. ಅದನ್ನು ಕಡಿದಿರಾ, ಇಲ್ಲವಾ?"

ಮಾಲಿಯ ಕಸಬರಿಕೆ ದೂರದಲ್ಲಿ ತರಗೆಲೆ ಗುಡಿಸುವ ಸದ್ದು ಬರುತ್ತಿತ್ತು. ಅದು ನಿಂತು, ಮತ್ತೆ ಶುರುವಾಯಿತು.

"ಕಡಿದೆವು."

"ಅಮ್ಮ ಹೋದ ಮೇಲೆ?"

"ಅಲ್ಲ." ಧಣಿ ತಮ್ಮ ಅಂಗೈಗಳನ್ನು ನೋಡಿಕೊಂಡರು. "ಮೊದಲೇ. ಹೂ ಪೂರ್ತಿ ಬಿಡುವ ಮೊದಲೇ. ಬೇರೆ ಯಾರೂ ಅಲ್ಲ, ನಾನೇ ಕಡಿದದ್ದು. ನೀನು ಆಗ ಹೊಟ್ಟೆಯಲ್ಲಿ. ಅಕ್ಕ ಒಳಗಿನಿಂದ ಕೂಗಿ ಹೇಳಿದಳು, ಸಾಕು ಮಾರಾಯ, ಕೊಡಲಿಯ ಶಬ್ದಕ್ಕೆ ಕಣ್ಣು ಮುಚ್ಚಲಿಕ್ಕೆ ಆಗುವುದಿಲ್ಲ ಅಂತ. ನಾನು ನಿಲ್ಲಿಸಲಿಲ್ಲ. ನಿನಗೋಸ್ಕರವೇ ಅಲ್ಲವಾ ಅಂದೆ. ಬೀಳಿಸಿಯೇ ಬಿಟ್ಟೆ."

ವಿನೋದಿನಿ ಸೆರಗಿನ ಮೇಲೆ ಬಿದ್ದ ಹೂಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಂಡಳು.

"ನನಗೆ ಕಿಟಕಿ ಬೇಕು ಮಾಮ" ಎಂದಳು. "ಆ ಗೋಣಿ ತೆಗೀರಿ. ಗಾಳಿ ಇಲ್ಲದೆ ನನಗೂ ನಿದ್ದೆ ಬರುವುದಿಲ್ಲ."

ಧಣಿ ಎರಡು ಹೆಜ್ಜೆ ಮುಂದಿಟ್ಟು, ನೆರಳಿನೊಳಗೆ ಬಂದು, ಅವಳ ಪಕ್ಕ ಕೂತರು. ಒಂದು ಹೂವು ಅವರ ಬಿಳಿಗೂದಲಿನ ಮೇಲೆ ಬಿತ್ತು. ಕೊಡವಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದಕ್ಕೆ ತಿರುಗದೆ, "ಶೇಖರ, ಕಾಫಿ ತಾ" ಎಂದರು.

ವಾಪಸು ಹೋಗುವಾಗ ಬಿಸಿಲು ಏರಿತ್ತು. ಧಣಿ ನೆಲದ ಮೇಲಿದ್ದ ಎಲೆಯನ್ನು ದಂಟು ಹಿಡಿದು ಎತ್ತಿ, ಒಮ್ಮೆ ಕೊಡವಿ, ಎರಡು ಕಡೆ ಮಡಚಿ ವಿನೋದಿನಿಯ ತಲೆಯ ಮೇಲೆ ಹಿಡಿದರು. ಆ ಕೈಗೆ ಮಡಿಕೆ ಎಲ್ಲಿ ಬೀಳಬೇಕೆಂದು ಇನ್ನೂ ನೆನಪಿತ್ತು. ಟ್ರಾಮಿನ ಡ್ರೈವರು ದೂರದಲ್ಲೇ ಟ್ರಾಮು ನಿಲ್ಲಿಸಿದ. ಎಲೆಯ ಚಪ್ಪರವೊಂದು ಕಾಲು ಬಂದು ರಸ್ತೆ ದಾಟಿದರೆ ಯಾರು ತಾನೇ ನಿಲ್ಲಿಸುವುದಿಲ್ಲ? ಇದೊಂದನ್ನು ನಾನು ಒಂದಿಂಚೂ ಹಿಗ್ಗಿಸಿಲ್ಲ. ಹಿಗ್ಗಿಸಲು ಜಾಗವೇ ಇರಲಿಲ್ಲ.

ಅವತ್ತು ಸಂಜೆ ಧಣಿ ಗೋಣಿ ಬಿಚ್ಚಿದರು, ಗಲ್ಲಾ ತಿರುಗಿಸಿದರು. ಸ್ಟೀಮರು ಹೋಯಿತು. ಮಗು ಬೈಕುಲ್ಲಾದಲ್ಲೇ, ನಡೆದು ಹೋಗುವಷ್ಟು ಹತ್ತಿರದ ಆಸ್ಪತ್ರೆಯಲ್ಲಿ ಹುಟ್ಟಿತು. ಹೆಣ್ಣು.

ಧಣಿ ಅಂಗೈ ನೋಡಿಕೊಂಡದ್ದನ್ನು, ಹೇಳಿದ್ದನ್ನು, ಪಾಯಸ ಬಡಿಸುತ್ತ ಪಂಕ್ತಿಯಲ್ಲಿ ಹೇಳಲು ಬರುತ್ತದೆಯೇ? ಅದಕ್ಕೇ ಶೀಲಾವತಿಯಕ್ಕ ಬಿಡದೆ "ಕೊರಗನನ್ನು ಒಪ್ಪಿಸಿದ್ದು ಯಾರು" ಎಂದು ಕೇಳಿದಾಗ ನಾನು ಮರ ಹತ್ತಿದ್ದು.

"ಧಣಿ ಹೇಳಿದರು, ಶೇಖರ, ನೀನು ಧೈರ್ಯಸ್ಥ. ತುದಿಗೆ ಹೋಗಿ ಆ ಹೂವಿನಲ್ಲಿ ನಿಜವಾಗಿ ಎಂತ ಉಂಟು ನೋಡಿಕೊಂಡು ಬಾ, ನೀನು ಹೇಳಿದರೆ ನಂಬ್ತೇನೆ. ನನ್ನ ಕೈಯಲ್ಲಿ ಆಗಷ್ಟೇ ತಂದ ಕಾಫಿ. ಇಟ್ಟರೆ ಆರಿಹೋಗ್ತದೆ. ಪಂಚೆ ಎತ್ತಿ ಕಟ್ಟಿದೆ, ಹತ್ತಿಯೇ ಬಿಟ್ಟೆ. ಅರ್ಧ ದಾರಿಯಲ್ಲಿ ಒಂದು ಹದ್ದು—"

"ಶೇಖರಣ್ಣ."

ಮಗುವನ್ನು ತೊಟ್ಟಿಲಿನಲ್ಲಿ ಮಲಗಿಸಿ ವಿನೋದಿನಿ ನನ್ನ ಹಿಂದೆ ಬಂದು ನಿಂತಿದ್ದಳು.

"ಆ ಲೋಟದಲ್ಲಿ ಕಾಫಿ ಎಷ್ಟಿತ್ತು?"

"ತುಂಬ ಇತ್ತು. ಅಂಚಿನವರೆಗೆ."

"ಮಾಮ, ನೀವು ಹೇಳಿ. ಎಷ್ಟಿತ್ತು?"

ಧಣಿ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದರು. ತೂಗುವುದನ್ನು ನಿಲ್ಲಿಸದೆ, "ಲೋಟ ಇತ್ತು" ಎಂದರು.

ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ನಗು ಹೋಯಿತು. ಶೀಲಾವತಿಯಕ್ಕ ಕೂಡ ನಕ್ಕರು, ಎಂಜಲು ಕೈಯಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ್ತೆ ಅವರು ಆ ಪ್ರಶ್ನೆ ಕೇಳಲಿಲ್ಲ. ವಿನೋದಿನಿ ನನ್ನ ಕೈಯಿಂದ ಪಾಯಸದ ಪಾತ್ರೆ ತೆಗೆದುಕೊಂಡಳು. "ಇನ್ನಾದರೂ ಇದ್ದದ್ದು ಇದ್ದ ಹಾಗೆ ಹೇಳಿ ಶೇಖರಣ್ಣ. ಮಗು ಕೇಳ್ತಾ ಉಂಟು."

ಇದ್ದದ್ದು ಇಷ್ಟು. ನಾನು ಮರ ಹತ್ತಲಿಲ್ಲ. ಹತ್ತುವುದಿರಲಿ, ಹೂ ಬಿಟ್ಟ ದಿನದಿಂದ ಅವತ್ತಿನವರೆಗೆ ಆ ಮುಂದಿನ ಗೇಟು ಕೂಡ ದಾಟಿರಲಿಲ್ಲ. ಆನೆಗೆ ನನ್ನ ಪರಿಚಯ ಇಲ್ಲ. ಅವತ್ತು ಧಣಿಯ ಹಿಂದೆ ಓಡಿದವನು ನಾಗಲಿಂಗದ ಕಾಂಡದ ಮರೆಯಲ್ಲಿ ನಿಂತು, ಶ್ರೀತಾಳೆಗೆ ಬೆನ್ನು ಹಾಕಿ, ಅವರ ಮಾತನ್ನೆಲ್ಲ ಕೇಳಿಸಿಕೊಂಡೆ. ಕಂಡದ್ದೆಲ್ಲ ಹೆಗಲ ಮೇಲಿಂದ ಕಳ್ಳನೋಟದಲ್ಲಿ ಕಂಡದ್ದು. ನನಗೂ ಊರಿನಲ್ಲಿ ಒಬ್ಬಳು ಅಮ್ಮ ಇದ್ದಾಳೆ. ಧಣಿ ಕಾಫಿ ಕೇಳಿದಾಗ ಬೇರೆ ದಾರಿ ಇರಲಿಲ್ಲ. ಹೋಟೆಲಿಗೆ ಓಡಿ, ಭಟ್ಟರ ಕೈಯಿಂದ ಅಂಚಿನವರೆಗೆ ನೊರೆ ನಿಂತ ಲೋಟ ತೆಗೆದುಕೊಂಡು, ರಸ್ತೆ ದಾಟಿ, ಗೇಟಿನವರೆಗೆ ಸರಿಯಾಗಿಯೇ ತಂದೆ. ಅಲ್ಲಿಂದ ಮುಂದೆ ಕೈ ನನ್ನ ಮಾತು ಕೇಳಲಿಲ್ಲ. ಕಣ್ಣು ನೆಲಕ್ಕೆ ನೆಟ್ಟು ನಡೆದೆ. ನೆಲದ ಮೇಲೆ ಉದುರಿದ ಹೂಗಳು ಸಿಕ್ಕಿದ ಮೇಲೆ ನೆರಳೊಳಗೆ ಬಂದೆನೆಂದು ಗೊತ್ತಾಯಿತು.

ಲೋಟ ಧಣಿಯ ಕೈಗೆ ಹೋಗುವಾಗ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಉಳಿದದ್ದು ನನ್ನ ಮಣಿಕಟ್ಟಿನಿಂದ ತೊಟ್ಟಿಕ್ಕುತ್ತಿತ್ತು. ಧಣಿ ಲೋಟದೊಳಗೆ ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಇದ್ದಷ್ಟನ್ನು ಕುಡಿದು, ಲೋಟವನ್ನು ಕಲ್ಲಿನ ಮೇಲಿಟ್ಟು, ವಿನೋದಿನಿಯ ಕಡೆಗೆ ಸ್ವಲ್ಪ ಸರಿದು, ಬೆಂಚಿನ ತುದಿಯಲ್ಲಿ ನನಗೆ ಜಾಗ ಮಾಡಿದರು.